ಎಂಟು ಮಂಚದ ಕೋಣೆಯಲ್ಲಿ ಏಕಾಂತ

ಒಬ್ಬೊಬ್ಬರೇ ಪ್ರವಾಸ ಹೋಗುವವರನ್ನು ಕಂಡರೆ ನನಗೆ ಮೊದಲಿಂದಲೂ ಒಂದು ಗುಮಾನಿ. ಮನೆಯಲ್ಲಿ ಜನ ಜಾಸ್ತಿಯಾಯಿತು, ಫೋನಿನಲ್ಲಿ ಗುಂಪುಗಳು ಜಾಸ್ತಿಯಾದವು, ಒಂದಿಷ್ಟು ದಿನ ಯಾರ ಸಹವಾಸವೂ ಬೇಡ ಅಂತ ಸಮುದ್ರ ದಾಟಿ ಹೋಗುತ್ತಾರೆ. ಹೋಗಿ ಮಾಡುವುದೇನು? ಹಾಸ್ಟೆಲ್ಲಿನಲ್ಲಿ ಎಂಟು ಮಂಚದ ಕೋಣೆ ಹಿಡಿದು, ಹೆಸರೇ ಗೊತ್ತಿಲ್ಲದ ಏಳು ಜನರ ನಡುವೆ ಮಲಗುತ್ತಾರೆ. ಮನೆಯಲ್ಲಿ ಗಂಡನ ಒಂದು ಗೊರಕೆ ತಾಳಲಾರದವಳು ಇಲ್ಲಿ ಮುಂಗಡ ದುಡ್ಡು ಕಟ್ಟಿ ಏಳು ಗೊರಕೆ ಕೇಳುತ್ತಾಳೆ. ಇನ್ನು ‘ನನ್ನನ್ನು ನಾನು ಹುಡುಕಿಕೊಳ್ಳೋಕೆ ಹೋಗ್ತಿದ್ದೀನಿ’ ಅನ್ನುವವರದು ಬೇರೆಯೇ ಪಂಗಡ. ಕಳೆದುಕೊಂಡದ್ದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಹುಡುಕುವುದು ಐಸ್‌ಲ್ಯಾಂಡಿನಲ್ಲಿ!

ಇಷ್ಟು ಆಡಿಕೊಳ್ಳುವ ಹಕ್ಕು ನನಗೆ ಎಲ್ಲಿಂದ ಬಂತು ಅಂತೀರಾ? ನಾನೂ ಹೋಗಿ ಬಂದಿದ್ದೇನೆ. ಅದೂ ಚಳಿಗಾಲದಲ್ಲಿ, ದ್ವೀಪಕ್ಕೆ, ಗುಡ್ಡ ಹತ್ತಲು.

ದ್ವೀಪದ ಹೆಸರು ಜೆಜು. ದಕ್ಷಿಣ ಕೊರಿಯಾದ ಭೂಪಟದಲ್ಲಿ ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ಕೆಳಗೆ ನೀರಿನ ನಡುವೆ ಮೊಟ್ಟೆಯಾಕಾರದಲ್ಲಿ ಒಂದು ನೆಲ ಕಾಣುತ್ತದಲ್ಲ, ಅದು. ಜ್ವಾಲಾಮುಖಿ ಉಗುಳಿದ ಕಲ್ಲಿನಿಂದಾದ ಊರು. ವಿಸ್ತಾರದಲ್ಲಿ ನಮ್ಮ ಕೊಡಗಿನ ಅರ್ಧವೂ ಇಲ್ಲ. ಸುವೊನ್‌ನಲ್ಲಿ ಎಂಜಿನಿಯರ್ ಆಗಿರುವ ತಮ್ಮನ ಮನೆಗೆ ಜನವರಿಯಲ್ಲಿ ಹೋದವಳು, ಹೇಗೂ ಇಲ್ಲಿವರೆಗೆ ಬಂದಿದ್ದೇನೆ, ಜೆಜು ನೋಡಿಬರುತ್ತೇನೆ ಅಂದೆ. ತಮ್ಮನ ಹೆಂಡತಿಗೆ ದಿಗಿಲಾಯಿತು.

‘ಅತ್ತಿಗೆ, ಅದು ಇಲ್ಲಿನವರು ಹನಿಮೂನಿಗೆ ಹೋಗ್ತಿದ್ದ ಜಾಗ. ನೀವೊಬ್ರೇ ಹೋಗಿ ಏನ್ಮಾಡ್ತೀರಿ?’

‘ಹನಿಮೂನಿಗೆ ಹೋದವರು ಮಾಡದೇ ಬಿಟ್ಟಿದ್ದನ್ನ ಮಾಡ್ತೀನಿ. ಗುಡ್ಡ ಹತ್ತುತೀನಿ.’

‘ಹಾಗಾದ್ರೆ ಏಪ್ರಿಲ್‌ನಲ್ಲಾದ್ರೂ ಹೋಗಿ. ಊರೆಲ್ಲ ಹಳದಿ ಹೂವು ಬಿಟ್ಟಿರುತ್ತೆ.’

ಅದೇ ತಾನೇ ಬೇಡದ್ದು! ಹೂವು ಬಿಟ್ಟಾಗ ಅರ್ಧ ಕೊರಿಯಾ ಅಲ್ಲಿರುತ್ತದೆ. ಸೋಲ್ ನಗರದ ಗಿಂಪೊದಿಂದ ಜೆಜುವಿಗೆ ಹೋಗುವ ವಿಮಾನಮಾರ್ಗ ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಮಾರ್ಗಗಳಲ್ಲೊಂದು. ನಾನು ಹೋದ ಚಳಿಯಲ್ಲೂ ವಿಮಾನ ಭರ್ತಿಯಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಚಳಿ ಅಂದರೆ ಹೆದರಬೇಡಿ. ದ್ವೀಪದ ದಕ್ಷಿಣದ ಸೊಗ್ವಿಪೊ ಊರಿನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸುಮಾರು 7 ಡಿಗ್ರಿ. ಹದಿನೈದಕ್ಕೇ ಮಂಕಿಕ್ಯಾಪ್ ಏರಿಸುವ ಬೆಂಗಳೂರಿನವರಿಗೆ ಇದು ಧ್ರುವಪ್ರದೇಶ. ಕೊರಿಯಾದವರಿಗೆ ಬೆಚ್ಚನೆಯ ತೆಂಕಣ ಸೀಮೆ. ತೊಂದರೆ ಕೊಡುವುದು ಚಳಿಯಲ್ಲ, ಗಾಳಿ. ಜೆಜುವಿನಲ್ಲಿ ಗಾಳಿ, ಕಲ್ಲು, ಹೆಂಗಸರು ಈ ಮೂರೂ ಹೇರಳ ಅಂತ ಅವರ ಹಳೇ ಮಾತು. ಹೊಲದ ಸುತ್ತ ಕರೀ ಕಲ್ಲಿನ ಗೋಡೆ ಕಟ್ಟುತ್ತಾರೆ, ಗಾರೆ ಹಾಕುವುದಿಲ್ಲ, ಸಂದು ಮುಚ್ಚುವುದಿಲ್ಲ. ಸಂದಿನಲ್ಲಿ ಗಾಳಿ ತೂರಿಹೋಗಲಿ, ಗೋಡೆ ನಿಲ್ಲಲಿ ಅಂತ. ಈ ಗೋಡೆಗಳ ಬೇಸಾಯಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಮಹತ್ವದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗೆಯೇ ಮೂರು ಇಲ್ಲ ಅಂತಲೂ ಹೇಳಿಕೊಳ್ಳುತ್ತಾರೆ: ಕಳ್ಳರಿಲ್ಲ, ಭಿಕ್ಷುಕರಿಲ್ಲ, ಮನೆಗೆ ಗೇಟಿಲ್ಲ. ಗೇಟಿನ ಬದಲು ಎರಡು ತೂತಿನ ಕಲ್ಲು ನೆಟ್ಟು ಅಡ್ಡಕ್ಕೆ ಮೂರು ಮರದ ಗಳ. ಮೂರನ್ನೂ ಕೆಳಗಿಳಿಸಿದ್ದರೆ ಮನೆಯಲ್ಲಿದ್ದೇವೆ, ಬನ್ನಿ. ಒಂದು ಅಡ್ಡ ಹಾಕಿದ್ದರೆ ಇಲ್ಲೇ ಹತ್ತಿರ ಹೋಗಿದ್ದೇವೆ. ಮೂರೂ ಹಾಕಿದ್ದರೆ ದೂರ ಹೋದೆವು, ಕಾಯಬೇಡಿ. ನಮ್ಮ ಬಡಾವಣೆಯಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿಟ್ಟು ಹೋದರೆ ಮನೆ ಖಾಲಿ ಮಾಡುವವರು ಧನ್ಯವಾದದ ಚೀಟಿ ಅಂಟಿಸಿ ಹೋದಾರು.

ಈ ಊರಿಗೆ ಹಿಂದಿನ ಕಾಲದಲ್ಲಿ ಒಬ್ಬೊಬ್ಬರೇ ಬರುತ್ತಿದ್ದವರು ಸ್ವಂತ ಖುಷಿಯಿಂದ ಬಂದವರಲ್ಲ. ಕೊರಿಯಾದ ಜೊಸೊನ್ ರಾಜರು ತಮಗಾಗದ ವಿದ್ವಾಂಸರನ್ನು, ಅಧಿಕಾರಿಗಳನ್ನು ಗಡೀಪಾರು ಮಾಡುತ್ತಿದ್ದದ್ದು ಇಲ್ಲಿಗೆ. ಅದರಲ್ಲಿ ಹೆಸರಾದವನು ಕಿಮ್ ಜೊಂಗ್-ಹುಯಿ, ಕಾವ್ಯನಾಮ ಚುಸಾ, ಆ ದೇಶದ ಲಿಪಿಕಲಾವಿದರಲ್ಲೇ ಮೇಲ್ಪಂಕ್ತಿಯವನು. 1840ರಿಂದ 1848ರವರೆಗೆ ಜೆಜುವಿನ ನೈರುತ್ಯ ಮೂಲೆಯಲ್ಲಿ, ಮುಳ್ಳುಬೇಲಿ ಹಾಕಿದ ಮನೆಯಲ್ಲಿ ಇದ್ದ. ಬೇಲಿ ದಾಟುವಂತಿಲ್ಲ. ಇಂಥ ಮಹಾಪಂಡಿತ ಏಕಾಂತದಲ್ಲಿ ಕೂತು ಹೆಂಡತಿಗೆ ಏನು ಬರೆಯುತ್ತಿದ್ದ ಗೊತ್ತೇ? ಊಟ ಸರಿಯಿಲ್ಲ, ಮನೆಯಿಂದ ನೆಂಚಿಕೊಳ್ಳಲು ಏನಾದರೂ ಕಳಿಸು. ಕಳಿಸಿದರೆ, ದಾರಿಯಲ್ಲೇ ಹಳಸಿತು ಅಂತ ಗೊಣಗಾಟ. ಓದುವಾಗ ನಗು ಬರುತ್ತದೆ. ಆಮೇಲೆ, 1842ರಲ್ಲಿ ಆ ಹೆಂಡತಿ ತೀರಿಕೊಂಡಳು, ಸುದ್ದಿ ಸಮುದ್ರ ದಾಟಿ ಬರುವುದು ತಡವಾಗಿ ಇವನು ಸತ್ತವಳಿಗೂ ಕಾಗದ ಬರೆಯುತ್ತಿದ್ದ ಅಂತ ತಿಳಿದಾಗ ನಗು ಗಂಟಲಲ್ಲೇ ನಿಲ್ಲುತ್ತದೆ.

1844ರಲ್ಲಿ ಅವನೊಂದು ಚಿತ್ರ ಬರೆದ. ಹೆಸರು ಸೆಹಾನ್‌ದೊ. ಚಳಿಗಾಲ, ಒಂದು ಬೋಳು ಮನೆ, ಪಕ್ಕದಲ್ಲಿ ನಾಲ್ಕು ಮರ, ಮಿಕ್ಕಿದ್ದೆಲ್ಲ ಖಾಲಿ ಕಾಗದ. ಅಧಿಕಾರ ಹೋದ ಮೇಲೆ ಹಳೇ ಗೆಳೆಯರೆಲ್ಲ ಮುಖ ತಿರುಗಿಸಿದಾಗಲೂ ಚೀನಾದಿಂದ ಪುಸ್ತಕ ತಂದು ತಂದು ಕಳಿಸುತ್ತಿದ್ದ ಶಿಷ್ಯ ಯಿ ಸಾಂಗ್-ಜೊಕ್‌ಗೆ ಬರೆದುಕೊಟ್ಟದ್ದು. ಈಗ ಅದು ರಾಷ್ಟ್ರದ ನಿಧಿ. ಚುಸಾ ಇದ್ದ ಜಾಗದ ಪಕ್ಕ ಚಿತ್ರದಲ್ಲಿರುವ ಮನೆಯ ಆಕಾರದಲ್ಲೇ ಒಂದು ಸ್ಮಾರಕ ಕಟ್ಟಿದ್ದಾರೆ. ವಾಸ್ತುಶಿಲ್ಪಿ ಬಹಳ ಹೆಸರಾದವರು. ಊರವರು ಆ ಕಟ್ಟಡಕ್ಕೆ ಇಟ್ಟ ಹೆಸರು ಮಾತ್ರ ಆಲೂಗಡ್ಡೆ ಗೋದಾಮು. ಅವತ್ತು ಶಿಕ್ಷೆ ಅಂತ ಕೊಟ್ಟದ್ದನ್ನು ಇವತ್ತು ನಾವು ರಜೆ ಹಾಕಿ, ಸಾಲುಸಾಲಾಗಿ ಹೋಗಿ ಅನುಭವಿಸುತ್ತೇವೆ. ಮುಳ್ಳುಬೇಲಿಯೊಂದು ಸಿಕ್ಕಿದ್ದರೆ ಅದರ ಮುಂದೆ ಸೆಲ್ಫಿ ಕೂಡ.

ಹಾಸ್ಟೆಲ್ಲಿಗೆ ಬರೋಣ. ನಮ್ಮ ಕಡೆ ಹಾಸ್ಟೆಲ್ ಅಂದರೆ ಮುದ್ದೆ, ತಿಳಿಸಾರು, ವಾರ್ಡನ್ ಅಷ್ಟೇ. ಐವತ್ತು ದಾಟಿದವಳು ಹಾಸ್ಟೆಲ್ಲಿನಲ್ಲಿರುತ್ತೇನೆ ಅಂದರೆ ಯಾವ ಪರೀಕ್ಷೆ ಬಾಕಿ ಇದೆ ಅಂತ ಕೇಳುತ್ತಾರೆ. ಜೆಜುವಿನಲ್ಲಿ ಗೆಸ್ಟ್‌ಹೌಸ್ ಅನ್ನುತ್ತಾರೆ. ಹೆಸರು ದೊಡ್ಡದಾಯಿತೇ ಹೊರತು ಮಂಚದ ಮೇಲೆ ಮಂಚ ಅದೇ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅಷ್ಟಕ್ಕೇ ನನಗೆ ಅರ್ಧ ನೆಂಟಸ್ತಿಕೆಯಾಗಿಹೋಯಿತು. ಒಳಗೆ ಕಾಲಿಟ್ಟರೆ ನೆಲವೇ ಬೆಚ್ಚಗೆ! ನೆಲದಡಿ ಬಿಸಿನೀರಿನ ಕೊಳವೆ ಓಡಿಸಿರುತ್ತಾರೆ. ಸಂಜೆ ಒದ್ದೆ ಕಾಲುಚೀಲ ಹರವಿದರೆ ಬೆಳಿಗ್ಗೆಗೆ ಹಪ್ಪಳ. ಗೋಡೆಯ ಮೇಲೆ ನಿಯಮಗಳ ಪಟ್ಟಿ: ಇಷ್ಟು ಗಂಟೆಗೆ ದೀಪ ಆರಿಸಬೇಕು, ಕೋಣೆಯಲ್ಲಿ ತಿನ್ನಬಾರದು, ತಟ್ಟೆ ತೊಳೆದಿಡಬೇಕು. ನಮ್ಮ ವಾರ್ಡನ್ ಇಲ್ಲಿಗೆ ವರ್ಗವಾಗಿ ಬಂದಿರಬೇಕು ಅನ್ನಿಸಿತು.

ಹೆಂಗಸರ ಕೋಣೆ. ಕೆಳಗಿನ ಮಂಚಗಳನ್ನು ಮೊದಲು ಬಂದವರು ಹಿಡಿದಾಗಿತ್ತು. ರೈಲಿನಲ್ಲಾದರೆ ‘ಸ್ವಲ್ಪ ಮಂಡಿನೋವು ಕಣಮ್ಮ’ ಅಂತ ಒಂದು ಮಾತು ಹಾಕಿದರೆ ಕೆಳಗಿನ ಬರ್ತ್ ಸಿಗುತ್ತದೆ. ಇಲ್ಲಿ ಹಾಕುವುದು ಹೇಗೆ? ಹಲ್ಲಾಸಾನ್ ಗುಡ್ಡ ಹತ್ತಲು ಬಂದವಳಿಗೆ ಮಂಡಿನೋವು ಅಂದರೆ ಯಾರು ನಂಬುತ್ತಾರೆ? ಏಣಿ ಹತ್ತಿದೆ. ಪ್ರತಿ ಮಂಚಕ್ಕೂ ಒಂದು ಪರದೆ, ಒಂದು ಪುಟ್ಟ ದೀಪ, ಫೋನಿಗೊಂದು ಪ್ಲಗ್. ಪರದೆ ಎಳೆದುಕೊಂಡರೆ ಏಕಾಂತ. ಬೆಲೆ ಕೊಟ್ಟು ಕೊಂಡ ಏಕಾಂತದ ಉದ್ದ ಆರಡಿ, ಎತ್ತರ ಕೂತರೆ ತಲೆ ತಗಲುವಷ್ಟು. ಪರದೆಯಾಚೆ ಬೆಳಗಿನ ಐದಕ್ಕೇ ಪ್ಲಾಸ್ಟಿಕ್ ಚೀಲದ ಸಪ್ಪಳ ಶುರು. ಗುಡ್ಡ ಹತ್ತುವವರು ಸಾಮಾನೆಲ್ಲ ಒಂದೊಂದು ಚೀಲದಲ್ಲಿ, ಆ ಚೀಲವನ್ನು ಮತ್ತೊಂದು ಚೀಲದಲ್ಲಿ ಇಡುತ್ತಾರೆ. ಬೇರೆಯವರಿಗೆ ಎಚ್ಚರವಾಗಬಾರದು ಅಂತ ಮೆಲ್ಲಗೆ, ಬಹಳ ಮೆಲ್ಲಗೆ, ಅರ್ಧ ಗಂಟೆ ಸಪ್ಪಳ ಮಾಡುತ್ತಾರೆ. ಒಂದೇ ಸಲ ಬರ್ರನೆ ತೆಗೆದು ಮುಗಿಸಬಾರದೇ?

ಕೊರಿಯಾದಲ್ಲಿ ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ದೊಡ್ಡವರಿಗೆ ಒಂದು ಮಾತು, ಸಣ್ಣವರಿಗೆ ಒಂದು ಮಾತು; ಲೆಕ್ಕ ಗೊತ್ತಾಗದೆ ಬಾಯಿ ತೆರೆಯುವಂತಿಲ್ಲ. ಕೆಳಗಿನ ಮಂಚದ ಹುಡುಗಿ ಸೋಲ್‌ನಲ್ಲಿ ಕೆಲಸ ಬಿಟ್ಟು ಬಂದವಳು. ನನ್ನ ವಯಸ್ಸು ಕೇಳಿ, ಬೆರಳಲ್ಲಿ ಎಣಿಸಿ, ಹಾಗಿದ್ದರೂ ‘ಓನ್ನಿ’ ಅಂತಲೇ ಕರೆದಳು, ಅಂದರೆ ಅಕ್ಕ. ಚಿಕ್ಕಮ್ಮ ಅಂತ ಕರೆಯಬಹುದಾಗಿತ್ತು, ಕರೆಯಲಿಲ್ಲ. ಅವತ್ತೇ ನನ್ನ ಚಟ್ನಿಪುಡಿಯ ಅರ್ಧ ಡಬ್ಬಿ ಅವಳ ಪಾಲಾಯಿತು. ಬೆಳಗಿನ ತಿಂಡಿಗೆ ಅಲ್ಲಿ ಬ್ರೆಡ್ಡು, ಮೊಟ್ಟೆ, ಜಾಮು ಇಟ್ಟಿರುತ್ತಾರೆ, ಮಾಡಿಕೊಂಡು ತಿನ್ನಬೇಕು. ಅವಳು ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಚಟ್ನಿಪುಡಿ ಉದುರಿಸಿ, ಅದರ ಮೇಲೆ ಕಿತ್ತಳೆ ಜಾಮು ಹಚ್ಚಿ ತಿಂದಳು. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ನಾನೂ ತಿಂದೆ. ಕೆಟ್ಟದಾಗಿರಲಿಲ್ಲ ಅನ್ನುವುದನ್ನು ನಮ್ಮ ಮನೆಯವರಿಗೆ ಹೇಳಬೇಡಿ.

ರಾತ್ರಿ ಇನ್ನೊಂದು ಮಜಾ. ಇಂಥ ಗೆಸ್ಟ್‌ಹೌಸುಗಳಲ್ಲಿ ‘ಪಾರ್ಟಿ’ ಅಂತ ಇಡುತ್ತಾರೆ. ಬೇಕಾದವರು ಪ್ರತ್ಯೇಕ ದುಡ್ಡು ಕೊಟ್ಟು ಸೇರಿಕೊಳ್ಳಬೇಕು. ಜೆಜುವಿನ ಕಪ್ಪು ಹಂದಿಯ ಮಾಂಸ ಸುಡುತ್ತಾರೆ, ಅಕ್ಕಿಯ ಹೆಂಡ ಸುರಿಯುತ್ತಾರೆ. ನಾನು ಬಾರ್ಲಿ ಚಹಾ ಹಿಡಿದು ಮೂಲೆಯಲ್ಲಿ ಕೂತೆ. ಎಲ್ಲರೂ ಒಬ್ಬೊಬ್ಬರೇ ಬಂದವರು. ಮಾಲೀಕ ಸರದಿ ಪ್ರಕಾರ ಕೇಳಿದ: ಯಾಕೆ ಒಬ್ಬರೇ ಬಂದಿರಿ? ಒಬ್ಬಳಿಗೆ ಆಫೀಸಿನ ಜನ ಸಾಕಾಗಿತ್ತು. ಒಬ್ಬನಿಗೆ ಮಾತೇ ಸಾಕಾಗಿತ್ತಂತೆ. ಅದನ್ನು ಆತ ಮುಕ್ಕಾಲು ಗಂಟೆ ವಿವರಿಸಿದ. ನಡುರಾತ್ರಿ ಹತ್ತಿರ ಬಂದರೂ ಯಾರೂ ಏಳಲಿಲ್ಲ. ತನಗೆ ಯಾರೂ ಬೇಡ ಅಂತ ಹೇಳಿಕೊಳ್ಳಲು ಇಷ್ಟೊಂದು ಜನ ಬೇಕಾಗುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಇವರನ್ನೆಲ್ಲ ಇಲ್ಲಿಗೆ ಎಳೆದು ತಂದದ್ದರಲ್ಲಿ ಒಬ್ಬ ಹೆಂಗಸಿನ ಪಾಲು ದೊಡ್ಡದು. ಸೊ ಮ್ಯೊಂಗ್-ಸುಕ್. ಜೆಜುವಿನವರು, ಸೋಲ್‌ನಲ್ಲಿ ಪತ್ರಕರ್ತೆಯಾಗಿದ್ದವರು. ಕೆಲಸ ಬಿಟ್ಟು ಸ್ಪೇನಿನ ಸಾಂತಿಯಾಗೊ ಯಾತ್ರೆಯ ದಾರಿ ನಡೆದರು. ನಡೆಯುತ್ತಾ, ನಮ್ಮೂರಲ್ಲೇ ಇಂಥ ದಾರಿ ಮಾಡಬಾರದೇಕೆ ಅನ್ನಿಸಿ, 2007ರಲ್ಲಿ ಮೊದಲ ‘ಓಲ್ಲೆ’ ದಾರಿ ತೆರೆದರು. ಇವತ್ತು ದ್ವೀಪದ ಸುತ್ತ 27 ದಾರಿಗಳು, ಒಟ್ಟು 437 ಕಿಲೋಮೀಟರ್. ಕೊಂಬೆಕೊಂಬೆಗೆ ನೀಲಿ ಮತ್ತು ಕಿತ್ತಳೆ ಬಣ್ಣದ ಎರಡು ಪಟ್ಟಿ ಕಟ್ಟಿರುತ್ತಾರೆ, ಕವಲು ಬಂದಲ್ಲಿ ನೀಲಿ ಕುದುರೆಯ ಆಕಾರದ ಗುರುತು. ಕುದುರೆಯ ತಲೆ ಎತ್ತಲೋ ನಮ್ಮ ಹಾದಿ ಅತ್ತ. ಒಂದು ಪುಸ್ತಕ ಕೊಂಡರೆ ದಾರಿಯ ಆದಿ, ಮಧ್ಯ, ಅಂತ್ಯದಲ್ಲಿ ನಾವೇ ಮುದ್ರೆ ಒತ್ತಿಕೊಳ್ಳಬಹುದು. ಈ ಮುದ್ರೆಯ ಹುಚ್ಚು ಸಾಮಾನ್ಯದ್ದಲ್ಲ. ಸಮುದ್ರದ ಕಡೆ ತಲೆ ಎತ್ತದೆ ಮುದ್ರೆಯಿಂದ ಮುದ್ರೆಗೆ ಓಡುವವರನ್ನು ಕಂಡೆ. ನಾನಂತೂ ಒಂದೂ ಬಿಡಲಿಲ್ಲ.

ದಾರಿಯ ಎರಡೂ ಕಡೆ ಕಲ್ಲುಗೋಡೆ, ಗೋಡೆಯಾಚೆ ಕಿತ್ತಳೆ ತೋಟ. ಚಳಿಗಾಲ ಅದರ ಸುಗ್ಗಿ. ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಈ ಗಿಡಕ್ಕೆ ‘ಕಾಲೇಜು ಮರ’ ಅಂತ ಹೆಸರಿತ್ತಂತೆ. ಒಂದೆರಡು ಮರ ಇದ್ದರೆ ಮಗನ ಓದು ಸಾಗುತ್ತಿತ್ತು. ಈಗ ಬೀದಿಬೀದಿಯಲ್ಲಿ ಹಣ್ಣು. ಹೋಟೆಲಿನಲ್ಲಿ ಬಿಲ್ಲಿನ ಜೊತೆ ನಾಲ್ಕು ಹಣ್ಣು, ಗೆಸ್ಟ್‌ಹೌಸಿನ ಬಾಗಿಲಲ್ಲಿ ಬುಟ್ಟಿ ತುಂಬ ಹಣ್ಣು. ಜೆಜುವಿನವರ ತಮಾಷೆಯೊಂದಿದೆ: ಇಲ್ಲಿದ್ದುಕೊಂಡು ಕಿತ್ತಳೆಯನ್ನು ದುಡ್ಡು ಕೊಟ್ಟು ತಿನ್ನುವವನಿಗೆ ಜನರ ಬಳಕೆಯೇ ಇಲ್ಲ ಅಂತ ಲೆಕ್ಕ. ಅಂದರೆ ನಿಜವಾಗಿ ಒಂಟಿಯಾಗಿದ್ದೀರೋ ಇಲ್ಲವೋ ಅಂತ ತಿಳಿಯಲು ಸಂತೆಗೆ ಹೋದರೆ ಸಾಕು. ನಾನು ಹೋದೆ, ಹಟದಿಂದ, ಕಾಸು ಕೈಯಲ್ಲಿ ಹಿಡಿದು. ಸೊಗ್ವಿಪೊ ಸಂತೆಯ ಅಜ್ಜಿ ಒಂದು ಚೀಲ ತೂಗಿ ಕೊಟ್ಟಳು. ನನ್ನ ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೇ ಅಂತ ಕೈಸನ್ನೆಯಲ್ಲಿ ಕೇಳಿದಳು. ಇಲ್ಲ ಅಂದೆ. ಅಯ್ಯೋ ಪಾಪ ಅಂತ ಇನ್ನೊಂದು ಚೀಲ ಬಿಟ್ಟಿ ಕೊಟ್ಟಳು.

ಕಡಲ ಕಡೆ ಕಿತ್ತಳೆ ಬಣ್ಣದ್ದೇ ಇನ್ನೊಂದು ಗುಂಡು ತೇಲುತ್ತಿರುತ್ತದೆ. ಅದು ಹಣ್ಣಲ್ಲ, ಹೆನ್ಯೊಗಳ ತೇಲುಬುರುಡೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಹತ್ತು ಮೀಟರಿನಷ್ಟು ಆಳಕ್ಕೆ ಮುಳುಗಿ ಶಂಖುಹುಳ, ಕಡಲಪಾಚಿ ಕಿತ್ತು ತರುವ ಹೆಂಗಸರು. ಬಹುಪಾಲು ಅರವತ್ತು ದಾಟಿದವರು, ಎಂಬತ್ತರ ಅಜ್ಜಿಯರೂ ಉಂಟು. ಇವರ ಕಸುಬನ್ನು 2016ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಮೂರು ಪದರ ಸ್ವೆಟರ್ ಹಾಕಿಕೊಂಡು ದಡದಲ್ಲಿ ನಡುಗುತ್ತಿದ್ದರೆ ಅವರು ಜನವರಿಯ ನೀರಿನಿಂದ ಮೇಲೆದ್ದು ಸಿಳ್ಳೆಯಂಥ ಸದ್ದಿನಲ್ಲಿ ಉಸಿರು ಬಿಡುತ್ತಿದ್ದರು. ಆಳದಲ್ಲಿ ಎಲ್ಲರೂ ಒಬ್ಬೊಬ್ಬರೇ. ಆದರೆ ನೀರಿಗೆ ಒಬ್ಬಳೇ ಇಳಿಯುವ ಪದ್ಧತಿ ಅವರಲ್ಲಿಲ್ಲ. ‘ನೀರಗೆಳತಿ’ ಇರಲೇಬೇಕು.

ಊಟದ ವಿಚಾರ ಬೇಗ ಮುಗಿಸುತ್ತೇನೆ, ಯಾಕೆಂದರೆ ಸಸ್ಯಾಹಾರಿಗೆ ಅಲ್ಲಿ ಊಟವೂ ಬೇಗ ಮುಗಿಯುತ್ತದೆ. ಕಿಮ್ಚಿಯಲ್ಲಿ ಮೀನಿನ ರಸ, ಸಾರಿನಲ್ಲಿ ಒಣಮೀನು. ಕಾಪಾಡಿದ್ದು ಬಿಂಗ್‌ತೊಕ್. ಬಕ್‌ವೀಟ್ ಹಿಟ್ಟಿನ ತೆಳು ದೋಸೆ; ಒಳಗೆ ಮೂಲಂಗಿ ತುರಿದು ಬೇಯಿಸಿ ಎಳ್ಳೆಣ್ಣೆ ಹಾಕಿದ ಪಲ್ಯ. ಖಾರದ ಸುಳಿವೇ ಇಲ್ಲ. ಉಳಿದಿದ್ದ ಚಟ್ನಿಪುಡಿ ಅಲ್ಲಿ ಖರ್ಚಾಯಿತು.

ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರಿಗೆ 2024ರಲ್ಲಿ ನೊಬೆಲ್ ಬಂದ ಮೇಲೆ ಅವರ ಒಂದು ಕಾದಂಬರಿ ಓದಿದ್ದೆ. ಅದರಲ್ಲೂ ಒಬ್ಬ ಹೆಂಗಸು ಹಿಮ ಸುರಿಯುವ ಜೆಜುವಿಗೆ ಒಬ್ಬಳೇ ಹೋಗುತ್ತಾಳೆ, ಆಸ್ಪತ್ರೆಯಲ್ಲಿರುವ ಗೆಳತಿಯ ಹಕ್ಕಿಗೆ ನೀರುಕಾಳು ಹಾಕಲು. ಆ ಹಿಮದಡಿ ಅವಳಿಗೆ ಸಿಗುವುದು 1948ರ ಏಪ್ರಿಲ್ 3ರಂದು ಶುರುವಾದ ದಂಗೆ, ಅದನ್ನು ಹತ್ತಿಕ್ಕಲು ಸರಕಾರ ನಡೆಸಿದ ಕೊಲೆಗಳು. ಸತ್ತವರು 25 ಸಾವಿರದಿಂದ 30 ಸಾವಿರ ಅಂತ ಅಂದಾಜು. ಹನಿಮೂನಿನವರೂ ನಮ್ಮಂಥ ಏಕಾಂತದವರೂ ಇಳಿಯುವ ಅದೇ ವಿಮಾನನಿಲ್ದಾಣದ ನೆಲ ಅಗೆದಾಗ ನೂರಾರು ಜನರ ಮೂಳೆ ಸಿಕ್ಕಿದವು. ಆ ಸತ್ತವರ ಸ್ಮಾರಕದಲ್ಲಿ ಒಂದು ಬಿಳಿ ಕಲ್ಲನ್ನು ನೆಲದಲ್ಲಿ ಮಲಗಿಸಿ ಇಟ್ಟಿದ್ದಾರೆ, ಮೇಲೆ ಒಂದು ಅಕ್ಷರವೂ ಇಲ್ಲ. ನಡೆದದ್ದಕ್ಕೆ ಏನು ಹೆಸರಿಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಗೆ ಬಂದವರೆಲ್ಲ ಗುಂಪಾಗಿಯೇ ಬಂದಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಹರಟೆ ಅಲ್ಲಿ ನಡೆಯುವುದಿಲ್ಲ, ಮುಂದೆ ಹೋಗುತ್ತೇನೆ.

ಹಲ್ಲಾಸಾನ್. 1,947 ಮೀಟರ್, ದಕ್ಷಿಣ ಕೊರಿಯಾದ ಅತಿ ಎತ್ತರದ ಬೆಟ್ಟ. ಶಿಖರಕ್ಕೆ ಹೋಗುವ ದಾರಿ ಎರಡೇ, ಎರಡಕ್ಕೂ ಮೊದಲೇ ಹೆಸರು ಬರೆಸಬೇಕು. ಸೊಂಗ್‌ಪಾನಾಕ್ ಕಡೆಯಿಂದ 9.6 ಕಿಲೋಮೀಟರ್, ಉದ್ದ ಆದರೂ ನಿಧಾನದ ಏರು. ಗ್ವಾನುಮ್‌ಸಾ ಕಡೆಯದು 8.7, ಮಂಡಿಯ ಲೆಕ್ಕ ಚುಕ್ತಾ ಮಾಡುವಂಥದ್ದು. ಕೆಳಗೆ ಕಿತ್ತಳೆ ಹಣ್ಣಾಗಿದ್ದ ದಿನವೇ ಮೇಲೆ ಮೊಣಕಾಲುದ್ದ ಹಿಮ. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಳ್ಳದೆ ಹೆಜ್ಜೆ ಇಡುವಂತಿಲ್ಲ. ಏಕಾಂತದ ಹಿಮಾಚ್ಛಾದಿತ ಶಿಖರ ಅಂತ ಕಲ್ಪಿಸಿಕೊಂಡು ಕತ್ತಲಲ್ಲೇ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ.

ಕೊರಿಯಾದವರು ಬೆಟ್ಟ ಹತ್ತುವಾಗ ಮಾಡಿಕೊಳ್ಳುವ ಸಿಂಗಾರ ನೋಡಬೇಕು. ತಲೆಯಿಂದ ಕಾಲಿನವರೆಗೆ ಒಂದಕ್ಕೊಂದು ಹೊಂದುವ ಬಣ್ಣ, ಎರಡು ಕೋಲು, ಬೆನ್ನ ಮೇಲೆ ಎವರೆಸ್ಟಿಗಾಗುವಷ್ಟು ಸಾಮಾನು. ಒಳಗಿರುವುದು ಸೌತೆಕಾಯಿ, ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಕಪ್ ನೂಡಲ್ಸು. ಎಪ್ಪತ್ತರ ಮುದುಕರು ಠಕ್ಕಠಕ್ಕನೆ ನನ್ನನ್ನು ದಾಟಿ ಹೋಗುತ್ತಿದ್ದರು. ಇಳಿದು ಬರುವವರನ್ನು ಇನ್ನೆಷ್ಟು ದೂರ ಅಂತ ಕೇಳಿದರೆ ಒಂದೇ ಉತ್ತರ: ಇನ್ನೇನು ಬಂದೇಬಿಟ್ಟಿತು! ಒಂದು ಗಂಟೆ ಹತ್ತಿದ ಮೇಲೆ ಇನ್ನೊಬ್ಬರು, ಇನ್ನೇನು ಬಂದೇಬಿಟ್ಟಿತು! ನಮ್ಮೂರ ದಾರಿಯಲ್ಲಿ ‘ಇಲ್ಲೇ, ಆ ಆಲದಮರ ದಾಟಿದ್ರೆ ಸಿಕ್ತು’ ಅನ್ನುವವರ ನೆಂಟರು ಇವರು.

ಮೇಲಿನ ತಂಗುದಾಣದಲ್ಲಿ ಮೊದಲು ಕಪ್ ನೂಡಲ್ಸ್ ಮಾರುತ್ತಿದ್ದರಂತೆ, 2018ರಲ್ಲಿ ನಿಲ್ಲಿಸಿದರು. ಆದರೇನು, ಎಲ್ಲರೂ ಹೊತ್ತು ತರುತ್ತಾರೆ. ಹಿಮದ ಮೇಲೆ ಸಾಲಾಗಿ ಕೂತು ಸೊರ್ರನೆ ಎಳೆಯುವ ಆ ಸದ್ದು! ಉಳಿದ ರಸವನ್ನು ಮಣ್ಣಿಗೆ ಸುರಿದರೆ ಉಪ್ಪು ಹರಿದು ತೊರೆಯ ಜೀವಗಳಿಗೆ ಕೇಡು, ದಯವಿಟ್ಟು ಪೂರ್ತಿ ಕುಡಿಯಿರಿ ಅಂತ ಉದ್ಯಾನದವರು ಬೇಡಿಕೊಳ್ಳುತ್ತಾರೆ. ನಾನು ಪೇಪರ್ ಅವಲಕ್ಕಿಗೆ ಒಗ್ಗರಣೆ ಹಾಕಿ ತಂದಿದ್ದೆ. ಪಕ್ಕದ ಹೆಂಗಸು ಬಗ್ಗಿ ನೋಡಿ ಒಂದು ಹಿಡಿ ತೆಗೆದುಕೊಂಡಳು, ಬದಲಿಗೆ ಅರ್ಧ ಸೌತೆಕಾಯಿ ಮುರಿದುಕೊಟ್ಟಳು.

ಶಿಖರದಲ್ಲಿ ಬೆಂಗ್ನೊಕ್‌ದಾಮ್ ಅಂತ ಜ್ವಾಲಾಮುಖಿಯ ಬಾಯಿ, ತಳದಲ್ಲಿ ಹಿಮ. ಅದನ್ನು ನೋಡುತ್ತಿದ್ದವರು ಕಡಿಮೆ. ಎಲ್ಲರೂ ಹೆಸರು ಕೆತ್ತಿದ ಕಲ್ಲಿನ ಮುಂದೆ ಫೋಟೋಕ್ಕೆ ಸಾಲು ನಿಂತಿದ್ದರು. ಅಷ್ಟು ಉದ್ದದ ಸಾಲನ್ನು ನಾನು ಧರ್ಮಸ್ಥಳದಲ್ಲಿ ಮಾತ್ರ ಕಂಡಿದ್ದೆ. ಶಿಖರದ ಫೋಟೋ ತೋರಿಸಿ, ಕೆಳಗಿಳಿದ ಮೇಲೆ ಯಂತ್ರಕ್ಕೆ 1,000 ವಾನ್ ಹಾಕಿದರೆ ಹತ್ತಿದ್ದಕ್ಕೆ ಪ್ರಮಾಣಪತ್ರ ಸಿಗುತ್ತದೆ, ಯಾರು ಬಿಡುತ್ತಾರೆ? ನನ್ನ ಸರದಿ ಬಂತು. ಸೌತೆಕಾಯಿಯ ಹೆಂಗಸು ನನ್ನ ಫೋನು ಕಿತ್ತುಕೊಂಡಳು. ನಾನು ಎತ್ತರ ಕಾಣಲಿ ಅಂತ ಹಿಮದಲ್ಲಿ ಮಂಡಿಯೂರಿ ಕೂತು, ಟೋಪಿ ತೆಗಿ, ನಗು, ಕೈಯಲ್ಲಿ ಹೃದಯ ಮಾಡು ಅಂತ ಸನ್ನೆಯಲ್ಲೇ ಗದರಿಸಿ, ಒಂದು, ಎರಡು, ಮೂರು ಎಣಿಸಿ ಒತ್ತಿದಳು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಕೆಳಗಿಳಿದು, ‘ಒಬ್ಬಳೇ ಹತ್ತಿದೆ’ ಅಂತ ಬರೆದು ಮನೆಯವರ ಗುಂಪಿಗೆ ಫೋಟೋ ಹಾಕಿದೆ. ಮೈಸೂರಿನಿಂದ ಅಮ್ಮನ ದನಿ ಸಂದೇಶ ತಕ್ಷಣ ಬಂತು.

‘ಒಬ್ಳೇ ಹೋಗಿದ್ದೀನಿ ಅಂದ್ಯಲ್ಲೇ. ಮತ್ತೆ ಫೋಟೋ ತೆಗೆದೋರು ಯಾರು?’

ಅದರ ಬೆನ್ನಿಗೇ ಚಿಕ್ಕಮ್ಮ. ಅವರು ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದರು. ‘ಹಿಮದ ಮೇಲೆ ಕ್ಯಾಪ್ ಹಾಕ್ಕೊಂಡಿರೋರ ನೆರಳು ಕಾಣ್ತಿದೆಯಲ್ಲ, ಅದು ಯಾರದು?’

ಸೌತೆಕಾಯಿ ಕೊಟ್ಟವಳು ಅಂತ ಬರೆದೆ. ಗುಂಪಿನಲ್ಲಿ ಯಾರೂ ನಂಬಲಿಲ್ಲ.